ಬರಿಗೈಲಿ ಬರಬಾರದು

ರೋಗಿಯನ್ನು ನೋಡಲು ಬರಿಗೈಲಿ ಹೋಗಬಾರದು ಅನ್ನುವುದು ನಮ್ಮ ಸೀಮೆಯಲ್ಲಿ ಮೊಲೆಹಾಲು ಕುಡಿಯುವ ಮಗುವಿಗೂ ಗೊತ್ತು. ಹೋಗುವವರು ಸೇಬನ್ನೋ ಮೂಸಂಬಿಯನ್ನೋ ಒಯ್ಯಬೇಕು. ಅದರ ಬದಲು ದುಡ್ಡು ಕೊಟ್ಟರೆ ರೋಗಿಗೆ ಅವಮಾನ, ಕೊಟ್ಟವರಿಗೆ ನಷ್ಟ. ಆದ್ದರಿಂದ ಯಾರೂ ಯಾರಿಗೂ ಅವಮಾನ ಮಾಡುವುದಿಲ್ಲ.

ರಾಧಾಮಣಿಗಂತೂ ಯಾರೂ ಮಾಡಲಿಲ್ಲ. ರಾಮನಗರದ ಆ ನರ್ಸಿಂಗ್ ಹೋಮಿನ ಮಹಡಿಯಲ್ಲಿ ಅವಳು ಮಲಗಿದ್ದ ಮಂಚದ ಕೆಳಗೆ ಸೇಬು, ಮೂಸಂಬಿ, ದ್ರಾಕ್ಷಿ, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿಗಳು ಸಣ್ಣ ಸಂತೆಯ ಹಾಗೆ ಹರಡಿದ್ದವು. ಮಂಚದ ಮೇಲೆ ಮಲಗಿದ್ದವಳಿಗೆ ಮಾತ್ರ ತೊಟ್ಟು ನೀರನ್ನೂ ಕೊಡಕೂಡದೆಂದು ಡಾಕ್ಟರು ಹೇಳಿದ್ದರು. ಹೊಟ್ಟೆ ಕೊಯ್ದು, ಒಡೆದುಹೋಗಿದ್ದ ಅಪೆಂಡಿಕ್ಸ್ ತೆಗೆದಿದ್ದರು.

ಪಕ್ಕದ ಸ್ಟೂಲಿನ ಮೇಲೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದವಳು ಮುನ್ನೀ. ಇಬ್ಬರೂ ಚನ್ನಪಟ್ಟಣದಲ್ಲಿ ತಾಜ್ ಪಾಷಾನ ಬೊಂಬೆ ಶೆಡ್ಡಿನಲ್ಲಿ ಕೆಲಸ ಮಾಡುವವರು. ರಾಧಾಮಣಿ ಮರದ ಕುದುರೆಗಳಿಗೆ ಚಕ್ರ ಕೂರಿಸುತ್ತಿದ್ದಳು, ಮುನ್ನೀ ಅವಕ್ಕೆ ಕಣ್ಣು ಬರೆಯುತ್ತಿದ್ದಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮುನ್ನೀ ಅಂದಿನಿಂದ ಇಂದಿನವರೆಗೆ ಬರೆದದ್ದೆಲ್ಲ ಕಣ್ಣುಗಳೇ. ಮಾತು ಕಮ್ಮಿ. ಹೊಸಬರು ಯಾರಾದರೂ ಏನಾದರೂ ಕೇಳಿದರೆ ಅವಳ ಗಂಟಲು ಕಟ್ಟಿ, ತಲೆ ತಾನಾಗಿಯೇ ಕೆಳಗಾಗುತ್ತಿತ್ತು. ಹಾಗಾಗಿ ಜನ ಅವಳನ್ನು ಗೋಡೆಯ ಲೆಕ್ಕಕ್ಕೆ ಸೇರಿಸಿ, ಗೋಡೆಯ ಮುಂದೆ ಆಡುವ ಮಾತನ್ನೆಲ್ಲ ಅವಳ ಮುಂದೆ ಆಡುತ್ತಿದ್ದರು.

ಹಿಂದಿನ ವಾರ ಶೆಡ್ಡಿನಲ್ಲಿ ರಾಧಾಮಣಿ ಹೊಟ್ಟೆ ಹಿಡಿದುಕೊಂಡು ಕುಸಿದಾಗ ತಾಜ್ ಪಾಷಾ ಅವಳನ್ನು ಆಟೋಕ್ಕೆ ಹಾಕಿ, ಮುನ್ನೀಯನ್ನೂ ಹತ್ತಿಸಿಕೊಂಡು ಬಂದಿದ್ದ. ಆಟೋದವನಿಗೆ ಗೊತ್ತಿದ್ದದ್ದು ಈ ನರ್ಸಿಂಗ್ ಹೋಮು. ಕೈಲಿದ್ದದ್ದನ್ನೆಲ್ಲ ತಾಜ್ ಪಾಷಾ ಅಡ್ವಾನ್ಸ್ ಕಟ್ಟಿದ. ಕೌಂಟರಿನವನು ಪೆನ್ನೆತ್ತಿ, "ಇನ್ಶೂರೆನ್ಸ್ ಇದೆಯೇನ್ರಿ?" ಎಂದು ಕೇಳಿದ್ದಕ್ಕೆ, "ಬೊಂಬೆ ಮಾಡೋರು ಸಾರ್ ನಾವು. ನಂಗೇ ಇಲ್ಲ, ಅವಳಿಗೆಲ್ಲಿಂದ ಬರ್ಬೇಕು?" ಎಂದು ನಕ್ಕುಬಿಟ್ಟ. ಕೌಂಟರಿನವನು ನಗಲಿಲ್ಲ.

ಇರಬಹುದಿತ್ತು, ಹಾಗೆ ನೋಡಿದರೆ. ಬೈರಾಪಟ್ಟಣದ ಆಚೆ ರಾಧಾಮಣಿಯ ಊರಿನಲ್ಲಿ ಹಾಲಿನ ಸೊಸೈಟಿಯ ಸದಸ್ಯರಿಗೆಲ್ಲ ಆಪರೇಷನ್ನಿಗೆ ದುಡ್ಡು ಕೊಡುವ ಕಾರ್ಡು ಮಾಡಿಸಿದ್ದರು. ರಾಧಾಮಣಿಯ ತಾಯಿ ಮಾಯಮ್ಮ ಗಂಡ ಸತ್ತಾಗಿನಿಂದ ಒಂದು ಸೀಮೆಹಸು ಕಟ್ಟಿಕೊಂಡು ಬೆಳಗ್ಗೆ ಸಾಯಂಕಾಲ ತಪ್ಪದೆ ಹಾಲು ಹಾಕುತ್ತಿದ್ದಳು. ಆದರೆ ಹೆಂಗಸು ಸೊಸೈಟಿಗೆ ಯಾಕೆ ಓಡಾಡಬೇಕು ಎಂದು ಅವಳ ಮೈದುನ ಕೆಂಪರಾಜು ಆ ಹಾಲನ್ನು ತನ್ನ ಹೆಸರಿನಲ್ಲಿ ಬರೆಸಿದ್ದ. ಹೀಗೆ ಹಾಲು ಮಾಯಮ್ಮನ ಹಸುವಿನದು, ಹೆಸರು ಕೆಂಪರಾಜುವಿನದು, ಕಾರ್ಡು ಅವನ ಹೆಂಡತಿ ಮಕ್ಕಳದು. ಅವರಲ್ಲಿ ಯಾರಿಗೂ ನೆಗಡಿ ಕೂಡ ಬರುತ್ತಿರಲಿಲ್ಲ.

ಕೆಂಪರಾಜು ಬಂದದ್ದು ಆಪರೇಷನ್ ಆದ ಮಾರನೇ ದಿನ. ರಾಮನಗರ ಜಿಲ್ಲೆಯಾದ ಮೇಲೆ ರಸ್ತೆಯ ಎರಡೂ ಕಡೆ ಫ್ಯಾಕ್ಟರಿಗಳು ಎದ್ದು, ತನ್ನ ರಾಗಿ ಹೊಲ ಕೊಟ್ಟು ಅವನು ಕ್ವಾಲಿಸ್ ಕಾರು ತಂದಿದ್ದ. ಬಿಳಿ ಪ್ಯಾಂಟು, ಬಿಳಿ ಶರಟು, ಹಿಂದೆ ಇಬ್ಬರು ಹಿಂಬಾಲಕರು. ಅವರಲ್ಲೊಬ್ಬನ ಕೈಯಲ್ಲಿ ಹಳದಿ ಜಿಲೆಟಿನ್ ಕಾಗದ ಸುತ್ತಿದ ಸೇಬಿನ ಬುಟ್ಟಿ.

"ಅತ್ಗೆ, ನಾನಿದ್ದೀನಿ ಕಣಮ್ಮ, ನೀನ್ಯಾಕೆ ಎದೆ ಒಡ್ಕಂಡೀಯೆ?" ಎಂದು ಮಾಯಮ್ಮನಿಗೆ ಹೇಳಿ ಬುಟ್ಟಿಯನ್ನು ಮಂಚದ ಮೇಲಿರಿಸಿದ. ಅದು ರಾಧಾಮಣಿಯ ಕಾಲಿನ ಮೇಲೆ ಕೂತಿತು.

"ಬಿಲ್ಲು ಮೂವತ್ ಸಾವ್ರ ದಾಟ್ತದಂತಲ್ಲಪ್ಪ," ಎಂದಳು ಮಾಯಮ್ಮ. "ಕಟ್ದೆ ಬುಡಾಕಿಲ್ಲ ಅಂತಾವ್ರೆ. ದಿನಕ್ಕಿಷ್ಟು ಅಂತ ಮಂಚದ್ ಬಾಡ್ಗೆ ಬೇರೆ ಏರ್ತಾ ಐತೆ."

"ಕಟ್ಟೋಣ, ಅದ್ಕೇನಂತೆ. ರಸ್ತೆ ಪಕ್ಕದ ಆ ಹತ್ತು ಗುಂಟೆ ಸುಮ್ಕೆ ಲಂಟಾನ ಬೆಳ್ಕಂಡ್ ಬಿದ್ದದೆ. ನಂಗೊಂದು ರುಜು ಹಾಕ್ಕೊಟ್ಬುಡು, ಬಿಲ್ಲು ನಂದು. ಹೊರಗಿನೋರ ಕೈ ಸೇರೋದಕ್ಕಿಂತ ಮನೇದು ಮನೇಲೇ ಇರ್ಲಿ ಅಂತ."

ಎಂಥ ದೊಡ್ಡ ಮನಸ್ಸು ಎಂದು ಪಕ್ಕದ ಮಂಚದವರೂ ತಲೆದೂಗಿದರು. ಕೆಂಪರಾಜು ಇಳಿದು ಹೋದಮೇಲೆ ಮುನ್ನೀ ನೀರಿನ ಚೊಂಬು ಹಿಡಿದು ಮೆಟ್ಟಿಲಿಗೆ ಬಂದಳು. ಅವನು ಮೆಟ್ಟಿಲ ತಿರುವಿನಲ್ಲಿ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಅವಳನ್ನು ನೋಡಿದ, ಗೋಡೆಯನ್ನು ನೋಡಿದ ಹಾಗೆ.

"ಹೇಳ್ಲಾ ನಿಮ್ ಸಾಹೇಬ್ರಿಗೆ, ಫ್ಯಾಕ್ಟ್ರಿ ಗೇಟು ಇಡೋಕೆ ಅದೇ ಜಾಗ ಬೇಕಾಗಿದ್ರೆ ನನ್ ರೇಟೇ ರೇಟು. ಸೋಮ್ವಾರ ಅಥವಾ ಮಂಗಳ್ವಾರ ರಿಜಿಸ್ಟ್ರು ಆಯ್ತದೆ. ಹೂಂ ಕಣ್ಲಾ, ನಮ್ಮತ್ಗೇದೇ. ಅವ್ಳಿಗೇನ್ ಗೊತ್ತಾಯ್ತದೆ, ಆಸ್ಪತ್ರೇಲವಳೆ."

ಆ ಹತ್ತು ಗುಂಟೆ ಬಿಟ್ಟರೆ ತಾಯಿ ಮಗಳಿಗೆ ಉಳಿದದ್ದು ಆ ಹಸು ಮತ್ತು ಹಸು ಕಟ್ಟುವ ಗೂಟ. ಮೇಲೆ ಹೋಗಿ ಮುನ್ನೀ ಕೇಳಿದ್ದನ್ನು ಮಾಯಮ್ಮನ ಕಿವಿಯಲ್ಲಿ ಹೇಳಿದಳು. ಮಾಯಮ್ಮ ಮಗಳ ಹೊದಿಕೆ ಸರಿಮಾಡುತ್ತಾ, "ಗೊತ್ತು ಕಣ್ ಮಗ," ಎಂದಳು. "ಆದ್ರೆ ಇನ್ಯಾರ್ ಕೊಡ್ತಾರೆ?"

ಇನ್ಯಾರು ಕೊಡುತ್ತಾರೆ ಎಂದು ಕೇಳುವ ಕೆಲಸ ಹೀಗೆ ಮುನ್ನೀಯ ಪಾಲಿಗೆ ಬಂತು. ಬೇರೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತು ಅವಳು ಅಭ್ಯಾಸ ಮಾಡಿದಳು: "ಅಣ್ಣಾ, ಹಣ್ಣು ಬೇಡ, ಒಸಿ ದುಡ್ಡು ಕೊಟ್ರೆ ಉಪ್ಕಾರ ಆಯ್ತದೆ." ಗೋಡೆಯ ಮುಂದೆ ಚೆನ್ನಾಗಿಯೇ ಬಂತು. ಜನರ ಮುಂದೆ 'ಅಣ್ಣಾ' ಎನ್ನುವಷ್ಟರಲ್ಲಿ ಅಣ್ಣನವರು ಹಣ್ಣಿನ ಕವರನ್ನು ಅವಳ ಕೈಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟಿರುತ್ತಿದ್ದರು.

ಮಂಚದ ಕೆಳಗೆ ಜಾಗ ಸಾಲದೆ ನರ್ಸು ಗದರಿದಳು. "ಇದೇನ್ ಹಾಪ್‌ಕಾಮ್ಸ್ ಅಂಗ್ಡೀನಾ? ಎತ್ತಮ್ಮ ಇದನ್ನೆಲ್ಲ!" ಮುನ್ನೀ ಕೆಂಪರಾಜುವಿನ ಬುಟ್ಟಿಯನ್ನೇ ಎತ್ತಿಕೊಂಡು ಕೆಳಗಿಳಿದಳು. ಗೇಟಿನ ಹೊರಗೆ ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಅತೀಕ್ ಅವಳ ಬೀದಿಯವನೇ. ಸಾಯಂಕಾಲದವರೆಗೆ ಇಟ್ಟುಕೊಂಡಿರು ಎಂದು ಕೇಳೋಣವೆಂದು ಬಂದಿದ್ದಳು.

ಅತೀಕ್ ಬುಟ್ಟಿಯನ್ನು ತಿರುಗಿಸಿ ನೋಡಿದ. "ಅರೆ ಮುನ್ನೀ, ಇದು ನಾನೇ ಮಾರಿದ್ದು. ಗಂಟು ಕೂಡ ಬಿಚ್ಚಿಲ್ವಲ್ಲ! ಪಸಂದ್ ಬರ್ಲಿಲ್ವಾ ಪೇಷೆಂಟ್‌ಗೆ?"

"ಅವ್ಳು ತಿನ್ನಂಗಿಲ್ಲ ಅತೀಕ್ ಭಾಯ್."

"ಯಾವ ಪೇಷೆಂಟು ತಿಂತಾನೆ? ತಿನ್ನೋ ಹಂಗಿದ್ರೆ ಇಲ್ಯಾಕೆ ಬರ್ತಾನೆ?" ಎಂದು ಸುತ್ತ ನೋಡಿ ದನಿ ತಗ್ಗಿಸಿದ. "ಅರ್ಧ ರೇಟಿಗೆ ತಗೋತೀನಿ, ಕೊಡ್ತೀಯಾ?"

ಕೊಟ್ಟಳು. ಆ ಬುಟ್ಟಿಯ ಒಂದು ಸೇಬಿಗೆ ತೊಟ್ಟಿನ ಹತ್ತಿರ ಕಂದು ಮಚ್ಚೆಯಿತ್ತು. ಥೇಟು ಅವಳು ಕುದುರೆಗೆ ಬರೆಯುವ ಕಣ್ಣಿನ ಹಾಗೆ. ಅದಕ್ಕೇ ಗುರುತು ಸಿಕ್ಕಿತು. ಸಾಯಂಕಾಲ ಊರಿನ ಇನ್ಯಾರೋ ತಂದ ಕವರಿನಲ್ಲಿ ಆ ಕಣ್ಣು ಮತ್ತೆ ಮೇಲೆ ಬಂತು. ಮಾರನೇ ಬೆಳಗ್ಗೆ ಕೆಳಗೆ ಹೋಯಿತು. ಮಧ್ಯಾಹ್ನ ಸೊಸೈಟಿಯ ಸೆಕ್ರೆಟರಿಯ ಹೆಂಡತಿಯ ಜೊತೆ ಮತ್ತೆ ಮೇಲೆ ಬಂದು, ಮುನ್ನೀಯನ್ನು ಪರಿಚಯದವರ ಹಾಗೆ ನೋಡಿತು.

ಹೀಗೆ ಬಂದ ದುಡ್ಡು ಮಂಚದ ಬಾಡಿಗೆಗೆ ಸರಿಹೋಗುತ್ತಿತ್ತು. ಅಂದರೆ ಬಿಲ್ಲು ಬೆಳೆಯುವುದು ನಿಂತಿತು, ಕರಗಲಿಲ್ಲ. ಕರಗಬೇಕಾದರೆ ಜನ ಇನ್ನೂ ಬರಬೇಕಿತ್ತು. ರೋಗಿ ಚೇತರಿಸಿಕೊಳ್ಳುತ್ತಿದ್ದಾಳೆ ಅಂದರೆ ಯಾರು ಬರುತ್ತಾರೆ?

ಇದರಲ್ಲಿ ಮುನ್ನೀಗೆ ಅನುಕೂಲವಾದದ್ದು ಅವಳ ಸಂಕೋಚವೇ. ಮೊದಲ ಸಲ ಅದು ತಾನಾಗಿ ಆಯಿತು. ಊರಿನ ಹೆಂಗಸೊಬ್ಬಳು, "ಹೆಂಗವ್ಳವ್ವ ನಮ್ಮುಡ್ಗಿ?" ಎಂದು ಕೇಳಿದಳು. ಮುನ್ನೀಯ ತಲೆ ಕೆಳಗಾಯಿತು. ಹೆಂಗಸು ಎದೆ ಮುಟ್ಟಿಕೊಂಡಳು. "ಅಯ್ಯೋ ಸಿವ್ನೇ!" ಎಂದು ನಿಟ್ಟುಸಿರಿಟ್ಟಳು. ಸಾಯಂಕಾಲದ ಬಸ್ಸಿಗೆ ಊರಿನಿಂದ ಮತ್ತೊಂದು ಗುಂಪು ಬಂತು. ಈ ಸಲ ಬಾಳೆಹಣ್ಣಲ್ಲ, ಸೇಬು.

ಮಾರನೆಯ ದಿನ ಮುನ್ನೀ ತಲೆ ತಗ್ಗಿಸಿದ್ದು ತಾನಾಗಿ ಅಲ್ಲ. ಸುಳ್ಳು ಒಂದನ್ನೂ ಹೇಳಲಿಲ್ಲ. "ಡಾಕ್ಟ್ರು ಏನಂತಾರೆ?" ಎಂದರೆ, "ಡಾಕ್ಟ್ರು ಏನೂ ಯೋಳಾಕಿಲ್ಲ," ಎನ್ನುತ್ತಿದ್ದಳು. ಅದು ನಿಜವೇ. ಡಾಕ್ಟರು ಬಿಲ್ಲಿನ ವಿಷಯ ಬಿಟ್ಟು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಉಳಿದದ್ದನ್ನು ಜನವೇ ತುಂಬಿಕೊಳ್ಳುತ್ತಿದ್ದರು. ಹೊಟ್ಟೆಯಲ್ಲಿ ಕೀವು ಎಂದು ಒಬ್ಬರು, ಕರುಳಿಗೆ ಇಳಿದಿದೆ ಎಂದು ಇನ್ನೊಬ್ಬರು. ಬೆಂಗಳೂರಿನವರೂ ಕೈಬಿಟ್ಟರಂತೆ ಎಂದು ಬಸ್ಸಿನಲ್ಲಿ ಒಬ್ಬರು ಮುನ್ನೀಗೇ ಹೇಳಿದರು. ಬೆಂಗಳೂರಿನ ಕಡೆ ಯಾರೂ ತಲೆಹಾಕಿ ಕೂಡ ಮಲಗಿರಲಿಲ್ಲ.

ಅಷ್ಟರಲ್ಲಿ ರಾಧಾಮಣಿ ಗಂಜಿ ಕುಡಿದು, ಎದ್ದು ಕೂರುವ ಹಾಗಾಗಿದ್ದಳು. ಬೊಂಬೆ ಶೆಡ್ಡಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳು ಅವಳೇ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಮಲಗಿಬಿಡುತ್ತಿದ್ದಳು.

"ನೋಡೇ ಮುನ್ನೀ, ಸೇಬಿನೋರಾ, ಬಾಳೆಹಣ್ಣಿನೋರಾ?"

ಮುನ್ನೀ ಬಾಗಿಲಿನಿಂದ ಇಣುಕುತ್ತಿದ್ದಳು. "ಸೇಬು. ದಾಳಿಂಬ್ರೇನೂ ಅವೆ."

"ಹಂಗಾರೆ ಒಸಿ ಜೋರಾಗೇ ನರಳ್ತೀನಿ."

"ನಗ್ಬೇಡ ಕಣೇ, ಹೊಲಿಗೆ ಬಿಚ್ಕತದೆ."

"ಬಿಚ್ಕಳ್ಳಿ ಬುಡು, ಅನಾನಸ್ ತತ್ತಾರೆ."

ಆದರೆ ಅನಾನಸ್ಸು ಬಂದರೂ ಬಿಲ್ಲು ತೀರುವ ಬಾಬತ್ತಲ್ಲ. ಭಾನುವಾರ ಬೆಳಗ್ಗೆ ಡಾಕ್ಟರು ಹೊಲಿಗೆ ನೋಡಿ, "ಮನೆಗೆ ಹೋಗಬಹುದು," ಎಂದರು. ಕೌಂಟರಿನವನು ಬಿಲ್ಲು ನೋಡಿ, "ಹೋಗುವ ಹಾಗಿಲ್ಲ," ಎಂದ. ಮುನ್ನೀ ಎದುರಿಗೆ ನಿಂತು, ಜೀವಮಾನದಲ್ಲಿ ಮೊದಲ ಸಲ ಅಪರಿಚಿತನ ಮುಖ ನೋಡಿ, "ಕಂತಲ್ಲಿ ಕಟ್ತೀವಿ ಸಾರ್," ಎಂದಳು. ಅವನು, "ಟಿವಿ ಅಂಗಡಿ ಅನ್ಕೊಂಡ್ಯೇನಮ್ಮ?" ಎಂದ.

ಮಾಯಮ್ಮ ಇದನ್ನು ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, "ಸಾಕು ಬುಡು ಮಗ," ಎಂದಳು. "ನಾಳೀಕೆ ಕೆಂಪರಾಜುಗೆ ರುಜು ಹಾಕ್ಬುಡ್ತೀನಿ. ಮಗ್ಳಿದ್ರೆ ತಾನೆ ಮಣ್ಣು?"

"ಅವ್ವಾ, ಇವತ್ತೊಂದಿನ ತಡ್ಕಳಿ. ಸಾವ್ಕಾರ್ ಹತ್ರ ಇನ್ನೊಂದ್ ಸಲ ಕೇಳ್ಕಂಡ್ ಬತ್ತೀನಿ," ಎಂದು ಮುನ್ನೀ ಚನ್ನಪಟ್ಟಣದ ಬಸ್ಸು ಹತ್ತಿದಳು.

ತಾಜ್ ಪಾಷಾ ಕೆಟ್ಟವನಲ್ಲ. ಆದರೆ ಅವನ ಶೆಡ್ಡಿನ ತುಂಬ ಮಾರದೆ ಉಳಿದ ಕುದುರೆಗಳು ಸಾಲಾಗಿ ನಿಂತು, ಮುನ್ನೀಯೇ ಬರೆದ ಕಣ್ಣುಗಳಿಂದ ಅವಳನ್ನೇ ನೋಡುತ್ತಿದ್ದವು. "ಚೈನಾ ಪ್ಲಾಸ್ಟಿಕ್ ಬಂದು ನನ್ ಹೊಟ್ಟೇನೂ ಆಪರೇಷನ್ ಆಗೋಯ್ತು ಬೇಟಿ," ಎಂದ. ಬೇಕಾದರೆ ಒಂದು ಚೀಲ ಕುದುರೆ ತೆಗೆದುಕೊಂಡು ಹೋಗು ಎಂದ.

ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಎದುರಾದವನು ರಾಧಾಮಣಿಯ ಊರಿನ ಲಕ್ಷ್ಮಯ್ಯ. ಊರಿನ ಸುದ್ದಿಯನ್ನೆಲ್ಲ ಊರಿಗಿಂತ ಮೊದಲು ತಿಳಿಯಬೇಕೆಂಬ ಹಟದ ಮುದುಕ. ಊರ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದು ಕಾಲು ಇಟ್ಟುಕೊಂಡೇ ಕೂಗಿದ:

"ಏನವ್ವ ಬೊಂಬೆ ಹುಡ್ಗಿ, ಹೆಂಗವ್ಳೆ ನಮ್ ರಾಧಾಮಣಿ?"

ಮುನ್ನೀ ಬಾಯಿ ತೆರೆದಳು. ಚೆನ್ನಾಗಿದ್ದಾಳೆ, ಗಂಜಿ ಕುಡಿದಳು, ಆದರೆ ನಾಳೆ ಅವಳ ಹೊಲ ಹೋಗುತ್ತದೆ ಎಂದು ಹೇಳಬೇಕೆಂದುಕೊಂಡಳು. ಮಾತಿನ ಬದಲು ಅಳು ಬಂತು. ಬೇಕೆಂದು ಬರಿಸಿಕೊಂಡದ್ದಲ್ಲ, ಅಷ್ಟು ದಿನ ತಲೆ ತಗ್ಗಿಸಿ ತಗ್ಗಿಸಿ ಒಳಗೆ ತುಂಬಿಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ದುಪಟ್ಟಾ ಬಾಯಿಗೆ ಒತ್ತಿಕೊಂಡು ನಿಂತಲ್ಲೇ ಬಿಕ್ಕಿದಳು.

ಲಕ್ಷ್ಮಯ್ಯ ತಲೆಯ ಮೇಲಿನ ಟವೆಲ್ಲು ತೆಗೆದ. "ಹೋಗ್ಬುಟ್ಳಾ?" ಎಂದ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಓಡಿದ್ದರೆ ಸಿಗುತ್ತಿತ್ತು; ಆ ಬಸ್ಸು ಓಡಿದವರಿಗೆಲ್ಲ ಸಿಗುವಂಥದ್ದೇ. ಮುನ್ನೀ ಎರಡು ಹೆಜ್ಜೆ ಇಟ್ಟಳು. ಆಮೇಲೆ ಯಾಕೋ ನಿಂತಳು.

ನಡೆದದ್ದೇನು ಅಂತ ಆಮೇಲೆ ತಿಳಿಯಿತು. ಲಕ್ಷ್ಮಯ್ಯ ಬಸ್ಸಿನಿಂದ ಇಳಿಯುವ ಮೊದಲೇ ರಾಧಾಮಣಿ ಸತ್ತ ಸುದ್ದಿ ಮೊಬೈಲಿನಲ್ಲಿ ಇಳಿದಿತ್ತು. ಊರಿನ ಮಾರಿಗುಡಿಯ ಮುಂದೆ ಜನ ಸೇರಿದರು. ಬಿಲ್ಲು ಕಟ್ಟದೆ ಆಸ್ಪತ್ರೆಯವರು ಹೆಣ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಬದುಕಿದ್ದವಳನ್ನೂ ಕೊಡುವುದಿಲ್ಲವೆಂದು ಮಾಯಮ್ಮ ವಾರದಿಂದ ಹೇಳುತ್ತಿದ್ದದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಹೆಣ ಕೊಡುವುದಿಲ್ಲ ಅಂದರೆ ಊರಿನ ಮಾನದ ಪ್ರಶ್ನೆ. "ನಮ್ಮೂರ್ ಹೆಣ ರಾಮನಗರದಲ್ಲಿ ಒತ್ತೆ ಬೀಳ್ಬೇಕಾ?" ಎಂದು ಊರಿನ ಹಿರಿಯ ನರಸಯ್ಯ ಟವೆಲ್ಲು ಹಾಸಿದ. ಮದುವೆ, ತಿಥಿ, ಸೂತಕಗಳಲ್ಲಿ ಆ ಊರು ಅವನ ಮಾತು ಮೀರುತ್ತಿರಲಿಲ್ಲ.

ಟವೆಲ್ಲಿನ ಮೇಲೆ ಮೊದಲು ಬಿದ್ದದ್ದು ಕೆಂಪರಾಜುವಿನ ಹಣ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡದು. ಅವನಿಗೂ ದುಃಖವಾಗಿತ್ತು, ಇಲ್ಲವೆನ್ನುವ ಹಾಗಿಲ್ಲ. ಆದರೆ ದುಃಖದ ನಡುವೆಯೂ ಒಂದು ವಿಷಯ ಅವನಿಗೆ ಹೊಳೆದಿರಬೇಕು: ಅಣ್ಣನ ಮನೆಗೆ ಇನ್ನು ವಾರಸುದಾರರಿಲ್ಲ, ಹತ್ತು ಗುಂಟೆ ರುಜುವಿಲ್ಲದೆಯೂ ಎಲ್ಲಿಗೂ ಹೋಗುವುದಿಲ್ಲ. ಅಂಥವನು ಧಾರಾಳಿಯಾಗದೆ ಇನ್ಯಾರಾಗಬೇಕು? ಅವನೇ ಅಷ್ಟು ಕೊಟ್ಟಮೇಲೆ ಉಳಿದವರೂ ಹಿಂದೆ ಬೀಳಲಿಲ್ಲ. ಆಸ್ಪತ್ರೆಗೆ ಎರಡು ಮೂಸಂಬಿ ತಂದಿದ್ದವರು ನೂರರ ನೋಟು ಹಾಕಿದರು.

ಸೋಮವಾರ ಬೆಳಗ್ಗೆ ನರ್ಸಿಂಗ್ ಹೋಮಿನ ಮುಂದೆ ಕ್ವಾಲಿಸ್ಸೂ ಒಂದು ಟೆಂಪೋವೂ ನಿಂತವು. ಟೆಂಪೋದಲ್ಲಿ ಬಿದಿರಿತ್ತು, ಹೊಸ ಮಡಕೆಯಿತ್ತು, ಹೂವಿನ ಹಾರಗಳಿದ್ದವು, ಕಡ್ಲೆಪುರಿಯ ಮೂಟೆಯಿತ್ತು, ಹೆಣಕ್ಕೆ ಹೊದಿಸಲು ಅರಿಶಿನ ಬಣ್ಣದ ಹೊಸ ಸೀರೆಯಿತ್ತು. ಗೇಟಿನಲ್ಲಿ ಅತೀಕ್ ಅಭ್ಯಾಸಬಲದಿಂದ ಸೇಬು ಎತ್ತಿ ಹಿಡಿದವನು, ಬಿದಿರು ನೋಡಿ ಕೈ ಕೆಳಗಿಳಿಸಿದ.

ಹೆಂಗಸರು ಮೆಟ್ಟಿಲಿನ ಬುಡದಿಂದಲೇ ಶುರು ಮಾಡಿದರು. "ಅಯ್ಯೋ ನನ್ ಕಂದಾ, ಹೂವಿನಂತೋಳೇ, ನಮ್ಮನ್ನೆಲ್ಲ ಬುಟ್ಟು ಎಲ್ಲೋದ್ಯೇ!" ಎಂದು ಎದೆ ಬಡಿದುಕೊಳ್ಳುತ್ತಾ ವಾರ್ಡಿಗೆ ನುಗ್ಗಿದರು.

ರಾಧಾಮಣಿ ಕಾಲು ಇಳಿಬಿಟ್ಟು ಕೂತು ಬನ್ನನ್ನು ಕಾಫಿಯಲ್ಲಿ ಅದ್ದುತ್ತಿದ್ದಳು. ಬಾಯಲ್ಲಿ ಬನ್ನಿಟ್ಟುಕೊಂಡೇ, "ಯಾರೋದ್ರು ದೊಡ್ಡವ್ವ?" ಎಂದು ಕೇಳಿದಳು.

ಮುಂದೆ ಇದ್ದವಳು ಅಲ್ಲೇ ಕುಸಿದಳು. ಹಿಂದಿನವರಿಗೆ ಕಾಣಿಸದೆ ಅವರ ಅಳು ಮುಂದುವರಿದೇ ಇತ್ತು. ಯಾವುದೋ ಮಂಚದಲ್ಲಿದ್ದ ಮುದುಕಿ ತಾನೇ ಸತ್ತೆನೇನೋ ಎಂದು ಗಾಬರಿಯಾಗಿ ಎದ್ದು ಕೂತಳು. ಲಕ್ಷ್ಮಯ್ಯ ರಾಧಾಮಣಿಯ ಪಾದಗಳನ್ನು ಬಗ್ಗಿ ನೋಡಿದ, ನೆಟ್ಟಗಿವೆಯೋ ದೆವ್ವದ ಹಾಗೆ ಹಿಂದುಮುಂದಾಗಿವೆಯೋ ಎಂದು. ನೆಟ್ಟಗಿದ್ದವು.

"ಯಾವನ್ಲಾ ಹೇಳ್ದೋನು?" ಎಂದು ಕೆಂಪರಾಜು ಗರ್ಜಿಸಿದ.

"ನಾನೇನ್ ಹೇಳ್ಲಿಲ್ಲಪ್ಪ, ಆ ಬೊಂಬೆ ಹುಡ್ಗಿ..."

"ಏನಂದ್ಲು ಅವ್ಳು?"

ಲಕ್ಷ್ಮಯ್ಯ ತಲೆ ಕೆರೆದುಕೊಂಡ. "ಏನೂ ಅನ್ನಲಿಲ್ಲ. ಅತ್ಲು."

ಎಲ್ಲರೂ ಮುನ್ನೀಯ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. ಹುಡುಗಿ ಗೆಳತಿಗಾಗಿ ಅತ್ತರೆ ತಪ್ಪು ಅನ್ನುವುದು ಹೇಗೆ? ಮಾಯಮ್ಮ ಮಗಳನ್ನು ಬಾಚಿ ತಬ್ಬಿ, "ಸತ್ತ್ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿ ಕಣ್ರಪ್ಪ," ಎಂದು ಅಳುತ್ತಾ ನಗತೊಡಗಿದಳು. ಒಬ್ಬೊಬ್ಬರಾಗಿ ಎಲ್ಲರೂ, ಹೌದು ಹೌದು, ಒಳ್ಳೇದೇ ಆಯಿತು ಎಂದರು.

"ಸರಿ, ನಡೀರಿ ಹಂಗಾರೆ," ಎಂದ ಕೆಂಪರಾಜು. ದುಡ್ಡಿನ ಕೈಚೀಲ ಅವನ ಕಂಕುಳಲ್ಲಿತ್ತು. "ಎಲ್ಲಾರ್ದೂ ಅವರವರಿಗೆ ಊರಲ್ಲಿ ಹಂಚ್ಬುಡೋಣ. ಅತ್ಗೆ, ನೀನ್ ಹೊರಡು, ರಿಜಿಸ್ಟ್ರಾಫೀಸ್ ಬಾಗ್ಲು ತೆಗೆಯೋ ಹೊತ್ತಾಯ್ತು."

ಮಾಯಮ್ಮನ ನಗು ನಿಂತಿತು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. ಮುನ್ನೀ ತಲೆ ಎತ್ತಿ ನರಸಯ್ಯನ ಮುಖ ನೋಡಿದಳು. ಅವಳ ಕಣ್ಣು ಆ ಕೈಚೀಲದ ಮೇಲೆ ಹೋಯಿತು. ಅಲ್ಲಿಂದ ಕಿಟಕಿಯಾಚೆ ಟೆಂಪೋದಲ್ಲಿದ್ದ ಬಿದಿರಿಗೆ, ಮತ್ತೆ ಕೈಚೀಲಕ್ಕೆ.

ನರಸಯ್ಯನೂ ಅಲ್ಲೇ ನೋಡಿದ. ಮುದುಕನ ಹುಬ್ಬು ಗಂಟಿಕ್ಕಿತು.

"ಇರ್ಲಾ ಕೆಂಪ್ರಾಜು. ಆ ದುಡ್ಡ ಎಲ್ಲಿಗೆ ತಕ್ಕಂಡೋಯ್ತೀಯೆ?"

"ಊರ್ಗೆ."

"ಸಾವ್ಗೆ ಎತ್ತಿದ್ ಕಾಸು ವಾಪಸ್ ಊರೊಳಕ್ಕೆ ಬರಂಗಿಲ್ಲ ಕಣ್ಲಾ. ಬಿದಿರಿಗೆ, ಮಡಕೆಗೆ ಹೆಂಗೋ ಅದ್ಕೂ ಹಂಗೇ. ಬಂದ್ರೆ ಸುಮ್ನೆ ಬರಾಕಿಲ್ಲ, ಇನ್ನೊಂದ್ ಹೆಣ ಕೇಳ್ತದೆ."

ಕೆಂಪರಾಜುವಿನ ಅಕ್ಕಪಕ್ಕ ನಿಂತಿದ್ದವರು ಅವನಿಂದ ಒಂದು ಮಾರು ದೂರ ಸರಿದರು. ಎಂದೂ ಬಿಡದ ಆ ಇಬ್ಬರು ಹಿಂಬಾಲಕರು ಎಲ್ಲರಿಗಿಂತ ದೂರ ಸರಿದರು.

"ಇದೆಲ್ಲ ಈಗ್ಯಾರ್ ನಂಬ್ತಾರೆ ದೊಡ್ಡಪ್ಪ..."

"ನಂಬ್ಬೇಡ. ನನ್ ಪಾಲು ನೀನೇ ಇಟ್ಕೋ. ನಿನ್ ಮನೇಲೇ ಮಡಿಕ್ಕೋ, ಬೀರೂನಲ್ಲಿ."

"ನಂದೂ ಇಟ್ಕಳಣ್ಣ," ಎಂದ ಲಕ್ಷ್ಮಯ್ಯ ಬಾಗಿಲಿನಾಚೆಯಿಂದ. "ನಂದೂ," "ನಂದೂವೆ," ಎಂದು ಎಲ್ಲರೂ ಧಾರಾಳವಾಗಿ ಬಿಟ್ಟುಕೊಟ್ಟರು. ಕೆಂಪರಾಜು ಚೀಲವನ್ನು ಕಂಕುಳಿನಿಂದ ಕೈಗೆ ತಂದ, ಕೈಯಿಂದ ತುದಿಬೆರಳಿಗೆ. ಮನೆಯಲ್ಲಿ ಅವನ ತಾಯಿಗೆ ಎಂಬತ್ತು ದಾಟಿತ್ತು, ಮಗ ಹೊಸ ಬೈಕು ಓಡಿಸುತ್ತಿದ್ದ, ಅವನಿಗೇ ಬಿಪಿಯಿತ್ತು.

"ಹಂಗಾರೆ ಯಾವ್ದಾರ ಗುಡಿ ಹುಂಡಿಗೆ ಹಾಕ್ಬುಡೋಣ."

"ಹೆಣದ್ ದುಡ್ಡ ದೇವ್ರಿಗೆ ಹಾಕ್ತೀಯೇನ್ಲಾ?" ಎಂದ ನರಸಯ್ಯ. "ಯಾವ್ ಕೌಂಟ್ರಿಗೆ ಕಟ್ತೀವಿ ಅಂತ ಎತ್ತಿದ್ವೋ ಆ ಕೌಂಟ್ರಿಗೇ ಕಟ್ಟು. ಹುಡ್ಗೀನ್ ಬುಡ್ಸಾಕೆ ಎತ್ತಿದ್ದು, ಹುಡ್ಗೀನೇ ಬುಡ್ಸು. ಉಸ್ರು ಐತೋ ಇಲ್ವೋ ಅದ್ ಬೇರೆ ಇಚಾರ."

ಕೆಂಪರಾಜು ಮೆಟ್ಟಿಲಿಳಿದ. ಊರೆಲ್ಲ ಹಿಂದೆ ಇಳಿಯಿತು, ಅವನು ದಾರಿಯಲ್ಲಿ ಮನಸ್ಸು ಬದಲಾಯಿಸದ ಹಾಗೆ. ಕೌಂಟರಿನವನು ಎಂದಿನ ಹಾಗೆ ನಗದೆ ನೋಟುಗಳನ್ನು ಎಣಿಸಿ, ಸೀಲು ಹೊಡೆದು, ಉಳಿದ ಚಿಲ್ಲರೆಯನ್ನು ಮುಂದೆ ತಳ್ಳಿದ. ಅದನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ.

ನರಸಯ್ಯ ಮುನ್ನೀಯ ಕಡೆ ನೋಡಿದ. "ನಿಮ್ಮೋರ್ಗೆ ಈ ಶಾಸ್ತ್ರ ಇಲ್ವಲ್ಲವ್ವ. ತಕ್ಕೋ, ಬಸ್ ಚಾರ್ಜಿಗಾಯ್ತದೆ. ಆ ಸೀರೇನೂ ನೀನೇ ಇಟ್ಕೋ."

ಮುನ್ನೀ ಇಟ್ಟುಕೊಂಡಳು. ಬಿದಿರು, ಮಡಕೆ ಗೇಟಿನಾಚೆಯೇ ಉಳಿದವು. ಹೂವಿನ ಹಾರಗಳನ್ನು ಅತೀಕ್ ಎದುರಿನ ಹೂವಿನವನಿಗೆ ಅರ್ಧ ರೇಟಿಗೆ ಮಾರಿಕೊಟ್ಟ. ಕಡ್ಲೆಪುರಿಗೆ ಈರುಳ್ಳಿ, ಮೆಣಸಿನಕಾಯಿ ಹಾಕಿ ವಾರ್ಡಿನವರು ನಾಲ್ಕು ದಿನ ಟೀ ಜೊತೆ ತಿಂದರಂತೆ.

ರಾಧಾಮಣಿ ಊರು ಸೇರಿದಳು. ಹೆಣವೆಂದು ತರಲು ಹೋದ ಕ್ವಾಲಿಸ್ಸಿನಲ್ಲೇ ಮುಂದಿನ ಸೀಟಿನಲ್ಲಿ ಕೂತು ಬಂದಳು. ಮುಂದಿನ ತಿಂಗಳು ಮಾಯಮ್ಮ ಸೊಸೈಟಿಗೆ ತಾನೇ ಹೋಗಿ, ಹಾಲನ್ನು ತನ್ನ ಹೆಸರಿನಲ್ಲಿ ಬರೆದು ಕಾರ್ಡು ಮಾಡಿಸಿಕೊಡಿ ಎಂದು ಕೇಳಿದಳು. ಧಾರಾಳವಾಗಿ ಮಾಡೋಣ, ಡೈರೆಕ್ಟರದ್ದು ಒಂದು ರುಜು ಬೇಕು ಎಂದ ಸೆಕ್ರೆಟರಿ. ಡೈರೆಕ್ಟರು ಕೆಂಪರಾಜು. ಇವಳ ರುಜುವಿಗೆ ಅವನು ಕಾಯುತ್ತಿದ್ದಾನೆ, ಅವನ ರುಜುವಿಗೆ ಇವಳು. ಹತ್ತು ಗುಂಟೆಯಲ್ಲಿ ಲಂಟಾನ ಇನ್ನೂ ಎತ್ತರಕ್ಕೆ ಬೆಳೆದಿದೆ.

ಒಂದು ಭಾನುವಾರ ಮುನ್ನೀ ಆ ಮನೆಗೆ ಹೋದಳು. ಸತ್ತು ಬದುಕಿದವಳನ್ನು ನೋಡಲು ಸುತ್ತಲಿನ ಹಳ್ಳಿಗಳಿಂದ ಇನ್ನೂ ಜನ ಬರುತ್ತಿದ್ದರು. ಯಾರೂ ಬರಿಗೈಲಿ ಬಂದಿರಲಿಲ್ಲ. ಅರ್ಧ ರೇಟಿಗೆ ಕೊಳ್ಳುವ ಅತೀಕ್ ಅಲ್ಲಿರಲಿಲ್ಲವಾಗಿ ಎಲ್ಲ ಹಸುವಿನ ಬಾನಿಗೆ ಹೋಗುತ್ತಿತ್ತು. ಹಸು ಬಾನಿ ಮೂಸಿ, ಸೇಬು ಕಂಡು, ಬೇಸರದಿಂದ ಮುಖ ತಿರುಗಿಸಿತು.

ಜಗುಲಿಯ ಮೇಲೆ ಹೊಲಿಗೆಯ ಗುರುತು ತುರಿಸಿಕೊಳ್ಳುತ್ತಾ ರಾಧಾಮಣಿ ಮೆಲ್ಲಗೆ ಕೇಳಿದಳು. "ಲೇ ಮುನ್ನೀ, ನಂಗಾದ್ರೂ ನಿಜ ಯೋಳೇ. ಆವತ್ತು ಬಸ್ ಸ್ಟ್ಯಾಂಡಲ್ಲಿ ಬೇಕಂತ್ಲೇ ನಿಂತ್ಕಂಡ್ಯಾ, ಓಡ್ದೆ?"

ಮುನ್ನೀ ತಲೆ ತಗ್ಗಿಸಿದಳು.

"ಅಯ್ಯೋ ಸಿವ್ನೇ!" ಎಂದಳು ರಾಧಾಮಣಿ.